ಅಭಿಪ್ರಾಯದ ವಹಿಯಲ್ಲಿ ಬಿಟ್ಟುಹೋದ ಐದು ನಿಮಿಷ

ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಕೆಡುಕು ಶುರುವಾಯಿತು ಎಂದು ನಾನು ಆರು ವಾರ ನಂಬಿಕೊಂಡಿದ್ದೆ. ಗಡಿಯಾರ ನೋಡಿದ್ದು ಚೆನ್ನಾಗಿ ನೆನಪಿದೆ. ಬ್ಯಾಡಗಿಯ ಒಂದು ಮೆಣಸಿನಕಾಯಿ ಗೋದಾಮಿನೊಳಗೆ, ಸುಣ್ಣ ಬಳಿದ ಗೋಡೆಯ ಮೇಲೆ, ಹೆಚ್ಚುಕಡಿಮೆ ನೂರು ವರ್ಷ ಹಳೆಯ ಮೂಕಚಿತ್ರವೊಂದು ಓಡುತ್ತಿತ್ತು. ತಗಡಿನ ರಾಕೆಟ್ಟು ಯಾವುದೋ ಗ್ರಹದ ಮೇಲೆ ಇಳಿದು ಹತ್ತಿಯಂಥ ಹೊಗೆ ಬಿಡುತ್ತಿದ್ದಾಗ ಆ ಹೊಗೆಯ ನಡುವೆ ಒಂದು ನೆರಳು ಎದ್ದು ನಿಂತಿತು. ರಾಣೆಬೆನ್ನೂರಿನಿಂದ ತನ್ನ ತಾಯಿಯ ತಂದೆಯ ಜೊತೆ ಬಂದಿದ್ದ, ಬಿಎಸ್ಸಿ ಓದುವ ಹುಡುಗಿ.

"ಸರ್, ವಾಸನಿ ಬ್ಯಾರೆ ಐತ್ರಿ. ಷಟರ್ ತೆಗೀರಿ," ಎಂದಳು.

ಸಿನಿಮಾ ಮುಗಿಯಲು ಇನ್ನೂ ಇಪ್ಪತ್ತೈದು ನಿಮಿಷವಿತ್ತು. ಅದಕ್ಕೆಂದೇ ನಾನು ಗಡಿಯಾರ ನೋಡಿದ್ದು. ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ನಿಮ್ಮ ಜಪಾನಿ ಕಾರ್ಟೂನ್ ಅಲ್ಲ ತಂಗಿ, ಎರಡೆರಡು ನಿಮಿಷಕ್ಕ ಬೆಂಕಿ ಹತ್ತಾಕ. ಕುಂದ್ರು. ಏನಿದ್ರೂ ಆಮ್ಯಾಲೆ ಅಭಿಪ್ರಾಯದಾಗ ಹೇಳು."

ಜನ ನಕ್ಕರು. ಅವಳು ಕುಳಿತಳು.

ಏಳು ನಿಮಿಷದ ಮೇಲೆ ಆ ಗೋದಾಮಿಗೆ ಬೆಂಕಿ ಹತ್ತಿತ್ತು.

ನನ್ನದು ಹಾವೇರಿಯ ಕೋರ್ಟಿನ ಎದುರು ಒಂದು ಟೈಪಿಂಗ್ ಅಂಗಡಿ. ಅರ್ಜಿ, ಅಫಿಡವಿಟ್, ಹೇಳಿಕೆ ಬರೆದುಕೊಡುವುದು ಕಸುಬು. ಕರ್ಜಗಿಯ ಕಡೆಯಿಂದ ಬಂದ ರೈತ ಬದುವಿನ ಜಗಳವನ್ನು ಮುಕ್ಕಾಲು ತಾಸು ಹೇಳುತ್ತಾನೆ. ನಾನು ಅದನ್ನು "ಸದರಿ ಜಮೀನಿನ ಪೂರ್ವ ದಿಕ್ಕಿನ ಗಡಿಗೆ ಸಂಬಂಧಿಸಿದಂತೆ" ಎಂದು ಎರಡು ಸಾಲಿಗೆ ಇಳಿಸುತ್ತೇನೆ. ಅವನು ಓದಿಸಿ ಕೇಳಿ, "ಹೌದ್ರಿ, ಇದನ್ನ ಹೇಳಾಕ ಬಂದಿದ್ದೆ," ಎನ್ನುತ್ತಾನೆ. ಬಿಎ ಓದಿದ ಮೇಲೆ ಇಷ್ಟು ವರ್ಷ ಅದೇ ಕೆಲಸ ಮಾಡಿ ಮಾಡಿ, ಜನ ಆಡಿದ ಮಾತಿಗಿಂತ ನಾನು ಬರೆದ ಮಾತೇ ಹೆಚ್ಚು ನಿಜ ಎಂಬ ಒಂದು ಸೊಕ್ಕು ನನಗೆ ಗೊತ್ತಿಲ್ಲದೆ ಬೆಳೆದಿತ್ತು.

ಸಿನಿಮಾದ ಹುಚ್ಚು ಕಾಲೇಜಿನಲ್ಲಿ ಹತ್ತಿದ್ದು. ಗ್ರಂಥಾಲಯದಲ್ಲಿ ಮೂಕಚಿತ್ರಗಳ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು. ಅದನ್ನು ತೆಗೆದವನು ನಾನೊಬ್ಬನೇ. ಚಿತ್ರ ನೋಡುವ ದಾರಿ ಇರಲಿಲ್ಲ, ಬರೀ ಫೋಟೋ ನೋಡುತ್ತಿದ್ದೆ. ಮುಂದೆ ಇಂಟರ್ನೆಟ್ ಬಂದು ಆ ಚಿತ್ರಗಳೆಲ್ಲ ಕೈಗೆ ಸಿಕ್ಕಾಗ ಒಬ್ಬನೇ ನೋಡಲು ಮನಸ್ಸು ಬರಲಿಲ್ಲ. ಹಾಗೆ ಶುರುವಾಯಿತು ನಮ್ಮ ತಿಂಗಳಿಗೊಂದು ಸಿನಿಮಾ. ಒಂದು ತಿಂಗಳು ಹಾವೇರಿ, ಮುಂದಿನದು ರಾಣೆಬೆನ್ನೂರು, ಆಮೇಲೆ ಬ್ಯಾಡಗಿ. ಹೆಸರಿಲ್ಲ, ಸಂಘವಿಲ್ಲ, ಒಂದು ವಾಟ್ಸಾಪ್ ಗುಂಪು ಅಷ್ಟೇ. ಮೂವತ್ತು ಜನ ಬಂದರೆ ನಮಗೆ ಹೌಸ್‌ಫುಲ್.

ನಿಯಮ ಮಾತ್ರ ನನ್ನವು, ಮೂರು. ಬಂದ ಕೂಡಲೇ ಮೊಬೈಲನ್ನು ಬಾಗಿಲ ಹತ್ತಿರದ ಬುಟ್ಟಿಯಲ್ಲಿ ಹಾಕಬೇಕು. ಸಿನಿಮಾ ನಡೆವಾಗ ಯಾರೂ ಮಾತಾಡಬಾರದು. ಮುಗಿದ ಮೇಲೆ ಪ್ರತಿಯೊಬ್ಬರೂ ಅಭಿಪ್ರಾಯ ಹೇಳಬೇಕು, ನಾನು ಅದನ್ನು ವಹಿಯಲ್ಲಿ ಬರೆದುಕೊಳ್ಳುತ್ತೇನೆ. ಕೆಂಪು ಬಟ್ಟೆಯ ರಟ್ಟಿನ ಆ ಉದ್ದ ವಹಿ ಈಗಲೂ ನನ್ನ ಹತ್ತಿರವಿದೆ.

ಅಭಿಪ್ರಾಯ ಹೇಳುವ ಹೊತ್ತು ಸಿನಿಮಾಕ್ಕಿಂತ ರುಚಿಯಾಗಿರುತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರು ಐದಾರು ಜನ ಮುಂದೆಯೇ ಗೋಣಿಚೀಲದ ಮೇಲೆ ಕೂರುತ್ತಿದ್ದರು. ಅವರಲ್ಲೊಬ್ಬಾಕೆ ಹೇಳಿದ್ದು: "ಮಾತಿಲ್ಲದ ಸಿನಿಮಾ ಭಾಳ ಛಲೋರಿ. ಮನ್ಯಾನ ಗಂಡಸೂರೂ ಹಿಂಗ ಬರೇ ಬಾಯಿ ಅಲ್ಲಾಡಿಸಿದ್ರ ಎಷ್ಟು ಬೇಸಿತ್ತು." ಹಿಂದೊಮ್ಮೆ ತೋರಿಸಿದ ಬೇರೊಂದು ರಾಕೆಟ್ ಚಿತ್ರಕ್ಕೆ ಇನ್ನೊಬ್ಬಾಕೆ, "ಅಲ್ಲ ಆ ಗ್ರಹದ ಮ್ಯಾಲಿನ ರಾಣಿ, ಮುತ್ತಿನ ಟೊಪಗಿ ಹಾಕ್ಕೊಂಡು ಮಕ್ಕೊಂತಾಳ. ಚುಚ್ಚಂಗಿಲ್ಲೇನ್ ಅಕಿಗೆ?" ಎಂದಳು. ಕರ್ಜಗಿಯ ಒಬ್ಬ ರೈತರು ಯಾವ ಸಿನಿಮಾಕ್ಕೂ ಒಂದೇ ಮಾತು ಹೇಳುತ್ತಿದ್ದರು: "ರಾಕೆಟ್ ತಗಡಿಂದ್ರೀ. ನಮ್ಮೂರ ವೆಲ್ಡರ್ ಇದಕಿಂತ ಛಲೋ ಹೊಡದಕೊಡ್ತಾನ."

ಇದನ್ನೆಲ್ಲ ನಾನು ವಹಿಯಲ್ಲಿ ಹೇಗೆ ಬರೆಯುತ್ತಿದ್ದೆ ಎಂದು ಹೇಳಿಬಿಡುತ್ತೇನೆ. "ಮೂಕಚಿತ್ರದ ಮೌನವು ಮಹಿಳಾ ಪ್ರೇಕ್ಷಕರಿಗೆ ಆಪ್ತವೆನಿಸಿತು. ಪಾತ್ರಗಳ ಉಡುಗೆಯ ಬಗ್ಗೆ ಪ್ರಶ್ನೆಗಳು ಬಂದವು. ರಂಗಸಜ್ಜಿಕೆಯ ಕುರಿತು ಗ್ರಾಮೀಣ ಪ್ರೇಕ್ಷಕರು ವಿಮರ್ಶಾತ್ಮಕವಾಗಿ ಪ್ರತಿಕ್ರಿಯಿಸಿದರು." ಈಗ ಓದಿದರೆ ಕಿವಿ ಬಿಸಿಯಾಗುತ್ತದೆ.

ಆ ಹುಡುಗಿಯನ್ನು ಕರೆತಂದವರು ಅವಳ ನಾನಾ, ಅಂದರೆ ತಾಯಿಯ ತಂದೆ. ರಾಣೆಬೆನ್ನೂರಿನ ಒಂದು ಟಾಕೀಸಿನಲ್ಲಿ, ಅದು ಮುಚ್ಚುವವರೆಗೂ ಪ್ರೊಜೆಕ್ಟರ್ ಓಡಿಸಿದವರು. ಊರಲ್ಲಿ ಎಲ್ಲರಿಗೂ ಆಪರೇಟರ್ ಚಾಚಾ. ಕ್ಯಾಬಿನ್ನಿನ ಹೊಗೆಯೋ ಬೀಡಿಯೋ, ಎದೆ ಹಾಳಾಗಿ ಉಬ್ಬಸ ಹಿಡಿದಿತ್ತು. ಜೇಬಲ್ಲಿ ಸದಾ ಉಸಿರಿನ ಪಂಪು. ಮಷೀನಿನ ಪಕ್ಕ ಕೂತರೇ ಅವರಿಗೆ ಸಮಾಧಾನ, ಹಾಗಾಗಿ ನನ್ನ ಮೇಜಿನ ಮಗ್ಗುಲಲ್ಲೇ ಅವರ ಕುರ್ಚಿ. ಮೊಮ್ಮಗಳು ಅವರ ಜೊತೆಗೆ ಬರುತ್ತಿದ್ದುದು ಸಿನಿಮಾಕ್ಕಲ್ಲ, ಪಂಪಿನ ಹೊತ್ತು ನೋಡಲು.

ಅವಳಿಗೆ ಬೇಕಾಗಿದ್ದುದು ಅನಿಮೆ, ಜಪಾನಿನ ಕಾರ್ಟೂನು ಸಿನಿಮಾ. ಮೂರು ಸಲ ಕೇಳಿದ್ದಳು, "ಸರ್, ಒಂದು ತಿಂಗಳು ಅನಿಮೆ ಹಾಕೂಣ್ರಿ." ಮೂರು ಸಲವೂ ನಾನು ನಕ್ಕಿದ್ದೆ. ನನಗೆ ಅನಿಮೆ ಎಂದರೆ ದೊಡ್ಡ ಕಣ್ಣು, ಕಿರುಚಾಟ, ಸ್ಫೋಟ. ಹುಡುಗರು ಬಸ್ಸಿನಲ್ಲಿ ಮೊಬೈಲಿಗೆ ಮುಖ ಒತ್ತಿಕೊಂಡು ನೋಡುವಂಥದ್ದು. ನಿಜ ಹೇಳಬೇಕೆಂದರೆ ಒಂದನ್ನೂ ಪೂರ್ತಿ ನೋಡಿರಲಿಲ್ಲ. ನಾನು ಕಷ್ಟಪಟ್ಟು ಹುಡುಕಿದ್ದನ್ನು ಯಾರೂ ಕೇಳುವುದಿಲ್ಲ, ಅವಳದ್ದು ಎಲ್ಲರ ಕೈಯಲ್ಲೂ ಇದೆ ಎಂಬ ಹೊಟ್ಟೆಕಿಚ್ಚು ಅದು.

ಒಮ್ಮೆ ಹಾವೇರಿಯಲ್ಲಿ ಅವಳು ಅಭಿಪ್ರಾಯ ಹೇಳುತ್ತ, "ಈ ಹಳೇ ಸಿನಿಮಾದಾಗ ಮನಷ್ಯಾರು ಕೀಲಿ ಕೊಟ್ಟಂಗ ಓಡ್ತಾರ್ರಿ. ನಾ ನೋಡೂ ಅನಿಮೆದಾಗ ರೋಬೋ ಸುಮ್ನ ನಿಂತು ಮಳಿ ನೋಡ್ತೈತಿ. ನನಗ ಅದು ಸೇರ್ತೈತಿ," ಎಂದಿದ್ದಳು. ಅವಳ ನಾನಾ ಮಷೀನಿನ ಕಡೆ ನೋಡುತ್ತ ಮುಗುಳ್ನಕ್ಕರು. ಆ ದಿನ ಬಂದ ಅಭಿಪ್ರಾಯಗಳಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ವಹಿಯಲ್ಲಿ ಅದನ್ನು ನಾನು ಬರೆದೇ ಇಲ್ಲ.

ಬ್ಯಾಡಗಿಯ ಗೋದಾಮು ನನ್ನ ಗೆಳೆಯನದು. ಅವನು ಮೆಣಸಿನಕಾಯಿ ದಲಾಲಿ. ಭಾನುವಾರ ವ್ಯಾಪಾರವಿಲ್ಲದ್ದರಿಂದ ಗೋದಾಮು ಕೊಡುತ್ತಿದ್ದ, ಆದರೆ ತಾನು ಒಳಗೆ ಬರುತ್ತಿರಲಿಲ್ಲ. "ನಿನ್ನ ಮೂಗರ ಸಿನಿಮಾ ನೀ ನೋಡು, ನಾ ಹೊರಗ ಕಟ್ಟಿ ಮ್ಯಾಲ ಅಡ್ಡಾಗ್ತೇನಿ," ಎನ್ನುತ್ತಿದ್ದ. ಮಾರುಕಟ್ಟೆಗೆ ಮಾಲಿನ ಆವಕ ಜೋರಿದ್ದ ದಿನಗಳವು. ಹಿಂದಿನ ಬಾಗಿಲನ್ನು ಮುಚ್ಚಿ ಸೂರಿನವರೆಗೆ ಚೀಲ ಒಟ್ಟಿದ್ದರು. ಮಧ್ಯಾಹ್ನದ ಬೆಳಕು ಬರಬಾರದೆಂದು ನಾನೇ ಗವಾಕ್ಷಿಗಳಿಗೆ ಗೋಣಿ ತುರುಕಿಸಿದ್ದೆ, ಷಟರನ್ನು ಪೂರಾ ಇಳಿಸಿ ಅಡಿಯ ಸಂದಿಗೂ ಗೋಣಿ ಒತ್ತಿದ್ದೆ. ಕರೆಂಟಿನ ಉದ್ದ ವೈರು ಯಾರ ಕಾಲಿಗೂ ತೊಡರಬಾರದೆಂದು ಸುರುಳಿ ಬಿಚ್ಚದೆ ಹಾಗೆಯೇ ಖಾಲಿ ಗೋಣಿಚೀಲಗಳ ಅಡಿ ಸೇರಿಸಿದ್ದೆ. ಆ ಒಂದೇ ವೈರಿನ ಮೇಲೆ ಪ್ರೊಜೆಕ್ಟರು, ಎರಡು ಫ್ಯಾನು, ಜೊತೆಗೆ ಚಹಾ ಕಾಯಿಸುವ ಕರೆಂಟಿನ ಕೆಟಲ್ಲು. ಚಹಾ ಇದ್ದರೆ ಅಭಿಪ್ರಾಯ ಚೆನ್ನಾಗಿ ಬರುತ್ತದೆ ಎಂದು ನಾಲ್ಕಕ್ಕೆ ಮುಂಚೆಯೇ ಅದನ್ನೂ ಹಚ್ಚಿದ್ದೆ. ಇದರಲ್ಲಿ ಒಂದನ್ನೂ ಬೇರೆಯವರು ಮಾಡಲಿಲ್ಲ.

ಬ್ಯಾಡಗಿಯಲ್ಲಿ ಕೆಮ್ಮಿಗೆ ಯಾರೂ ತಿರುಗಿ ನೋಡುವುದಿಲ್ಲ. ಹಂಗಾಮಿನಲ್ಲಿ ಬಸ್ಸಿಳಿದ ಕೂಡಲೇ ಹೊರಗಿನವರು ಸೀನುತ್ತಾರೆ, ಊರವರು ನಗುತ್ತಾರೆ. ಮೆಣಸಿನಕಾಯಿಯ ಘಾಟು ಅಲ್ಲಿ ಗಾಳಿಯ ಹಾಗೆ. ಹಾಗಾಗಿ ಆ ಮಧ್ಯಾಹ್ನ ಮೊದಲು ಒಬ್ಬರು, ಆಮೇಲೆ ನಾಲ್ವರು ಕೆಮ್ಮಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ. ಮುಂದೆ ಕೂತ ಹೆಂಗಸೊಬ್ಬಳು, "ರಾಕೆಟ್ಟಿನ ಹೊಗಿ ಇಲ್ಲಿಮಟ ಬಂತಲ್ಲೇ," ಎಂದಳು. ನನಗೆ ಸಿಟ್ಟು ಬಂದದ್ದು ಕೆಮ್ಮಿನ ಮೇಲೆ. ಮೂಕಚಿತ್ರವನ್ನು ಪೂರ್ಣ ಮೌನದಲ್ಲಿ ನೋಡಬೇಕೆಂಬ ಹಟ ನನ್ನದು. ಭಜನಿ ಮೇಳದವರು ಹಾರ್ಮೋನಿಯಂ ಬಾರಿಸುತ್ತೇವೆ ಎಂದಿದ್ದರು, ಅದನ್ನೂ ಬೇಡ ಎಂದಿದ್ದೆ.

ಹುಡುಗಿಯನ್ನು ಕೂರಿಸಿದ ಮೇಲೆ ನಾನು ಕಂಡದ್ದನ್ನು ಬರೆಯಲು ಕೈ ಹಿಂಜರಿಯುತ್ತದೆ. ಪ್ರೊಜೆಕ್ಟರಿನ ಬೆಳಕಿನ ಕೋಲಿನಲ್ಲಿ ತೆಳ್ಳಗೆ ಹೊಗೆ ಸುಳಿಯುತ್ತಿತ್ತು. ಅದನ್ನು ನೋಡಿದೆ. ನೋಡಿ, ಹಳೆಯ ಟಾಕೀಸುಗಳಲ್ಲಿ ಬೀಡಿಯ ಹೊಗೆ ಹೀಗೆಯೇ ಕುಣಿಯುತ್ತಿತ್ತೆಂದು ಚಾಚಾ ಹೇಳಿದ್ದು ನೆನಪಾಗಿ, ಎಷ್ಟು ಚೆಂದ ಎಂದುಕೊಂಡೆ. ಇದನ್ನು ಅಭಿಪ್ರಾಯದಲ್ಲಿ ಬರೆಯಬೇಕು ಎಂದೂ ಅಂದುಕೊಂಡೆ.

ಆಮೇಲೆ ಚಿತ್ರ ಆರಿತು. "ಹೋತು ಕರೆಂಟು," ಎಂದು ಯಾರೋ ನಕ್ಕರು. ಆ ಕತ್ತಲೆಯಲ್ಲಿ ನನ್ನ ಎಡಗಡೆ, ಚೀಲಗಳ ಬುಡದಲ್ಲಿ, ಒಲೆಯ ಕೆಂಡದಂಥ ಒಂದು ಕೆಂಪು ಕಂಡಿತು. ಕಂಡು ಕೂಗುವಷ್ಟರಲ್ಲಿ ಘಾಟು ಬಂತು. ಒಗ್ಗರಣೆಯಲ್ಲಿ ಒಂದು ಮೆಣಸಿನಕಾಯಿ ಕಪ್ಪಾದರೆ ಮನೆಮಂದಿಯೆಲ್ಲ ಹೊರಗೆ ಓಡುತ್ತೇವೆ. ಅಲ್ಲಿ ಚೀಲವೇ ಕಪ್ಪಾಗುತ್ತಿತ್ತು. ಕಣ್ಣು ಮುಚ್ಚಿಹೋದವು. ಗಂಟಲು ಹಿಡಿಯಿತು. ಟಾರ್ಚು ಹಾಕಲು ಯಾರ ಕೈಯಲ್ಲೂ ಮೊಬೈಲಿರಲಿಲ್ಲ, ಎಲ್ಲ ಬುಟ್ಟಿಯಲ್ಲಿದ್ದವು. ಜನ ಷಟರಿಗೆ ಬಿದ್ದರು. ಒಳಗಿನಿಂದ ಎಲ್ಲರೂ ಒತ್ತಿದ್ದಕ್ಕೆ ಅದು ಮೇಲೇಳದೆ ಸಿಕ್ಕಿಕೊಂಡಿತು.

ಹೊರಗೆ ಮಲಗಿದ್ದ ನನ್ನ ಗೆಳೆಯ ಸದ್ದು ಕೇಳಿ ಎದ್ದು ಕಬ್ಬಿಣದ ಕೊಕ್ಕೆ ಹಾಕಿ ಎಳೆದ. ಮೊಳದಷ್ಟು ಬೆಳಕು ಬಂತು. ಹೊಟ್ಟೆಯ ಮೇಲೆ ತೆವಳಿಕೊಂಡು ಹೊರಬಿದ್ದವರಲ್ಲಿ ನಾನು ಎರಡನೆಯವನೋ ಮೂರನೆಯವನೋ. ನನ್ನ ಮುಂದೆ ಒಬ್ಬ ಹೆಂಗಸಿದ್ದಳು, ಅವಳ ಕಾಲಿನ ಉಂಗುರ ನನ್ನ ಗದ್ದಕ್ಕೆ ತಾಗಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಕೆಮ್ಮುವಾಗ ನೋಡಿದರೆ ವಹಿ ನನ್ನ ಬಗಲಲ್ಲಿತ್ತು. ಒಳಗೆ ಚಾಚಾ ನನ್ನಿಂದ ಒಂದು ಕೈಯಳತೆಯಲ್ಲೇ ಕೂತಿದ್ದರು. ನಾನು ವಹಿಯನ್ನು ಹಿಡಿದುಕೊಂಡು ಬಂದಿದ್ದೆ.

ಪಕ್ಕದ ಅಂಗಡಿಯ ಹಮಾಲರಿಬ್ಬರು ಒದ್ದೆ ಗೋಣಿ ಹೊದ್ದು ಒಳಗೆ ನುಗ್ಗಿದರು. ಹುಡುಗಿ ತನ್ನ ನಾನಾನನ್ನು ನೆಲಕ್ಕೆ ಮಲಗಿಸಿ, ನೀರಿನ ಬಾಟಲಿಯಲ್ಲಿ ದುಪಟ್ಟಾ ತೋಯಿಸಿ ಅವರ ಮೂಗಿಗೆ ಕಟ್ಟಿ, ತೋಳು ಹಿಡಿದು ಬಾಗಿಲ ಕಡೆಗೆ ಎಳೆಯುತ್ತಿದ್ದಳಂತೆ. ಇಬ್ಬರನ್ನೂ ಹೊರಗೆ ತಂದರು. ಚಾಚಾನ ತುಟಿ ನೀಲಿಯಾಗಿತ್ತು. ಅವಳು ನನ್ನ ಕಡೆ ನೋಡಲಿಲ್ಲ. ನೋಡುವಂತೆ ಅವಳ ಕಣ್ಣೂ ಇರಲಿಲ್ಲ, ಎರಡೂ ಊದಿಕೊಂಡಿದ್ದವು. ಹಮಾಲರು ಸುಡುವ ಚೀಲಗಳನ್ನು ಬೀದಿಗೆ ಎಳೆದರು, ಅಗ್ನಿಶಾಮಕದವರು ಬಂದು ಉಳಿದದ್ದನ್ನು ಆರಿಸಿದರು. ಐದು ಗಂಟೆಗೆಲ್ಲ ಬೀದಿಯಲ್ಲಿ ಒದ್ದೆ ಮೆಣಸಿನಕಾಯಿಯ ಕೆಂಪು ಕೆಸರು. ಉಳಿದವರಿಗೆಲ್ಲ ಕಣ್ಣುರಿ, ಗಂಟಲುರಿ ಅಷ್ಟೇ. ಚಾಚಾನನ್ನು ಮಾತ್ರ ರಾಣೆಬೆನ್ನೂರಿನ ಆಸ್ಪತ್ರೆಗೆ ಸೇರಿಸಿ ಆಕ್ಸಿಜನ್ ಹಚ್ಚಿದರು. ಬದುಕುತ್ತಾರೋ ಇಲ್ಲವೋ ಎಂದು ನಾಲ್ಕು ದಿನ ಯಾರೂ ಹೇಳಲಿಲ್ಲ.

ಮರುದಿನ ಪೊಲೀಸರಿಗೆ ಹೇಳಿಕೆ ಕೊಡಬೇಕಿತ್ತು. ಹೇಳಿಕೆ ಬರೆಯುವುದು ನನ್ನ ಕಸುಬೇ ಆದ್ದರಿಂದ ಎಲ್ಲರದನ್ನೂ ನಾನೇ ಟೈಪು ಮಾಡಿದೆ, ನನ್ನದನ್ನೂ. "ಪ್ರದರ್ಶನದ ಕೊನೆಯ ಹಂತದಲ್ಲಿ ಹೊಗೆ ಕಂಡುಬಂದ ಕೂಡಲೇ ಪ್ರೇಕ್ಷಕರನ್ನು ಸುರಕ್ಷಿತವಾಗಿ ಹೊರಗೆ ಕಳುಹಿಸಲಾಯಿತು." ವೈರನ್ನು ಗೋಣಿಯ ಅಡಿ ಇಟ್ಟದ್ದನ್ನು ಒಪ್ಪಿಕೊಂಡೆ. ಅದು ತಿಳಿಯದೆ ಆದ ತಪ್ಪು, ಬರೆದರೆ ಮಾನ ಹೋಗುವಂಥದ್ದಲ್ಲ. ಸುರಕ್ಷಿತವಾಗಿ ಕಳುಹಿಸಲಾಯಿತು ಎಂಬ ಸಾಲನ್ನು ಮಾತ್ರ ಹಾಗೆಯೇ ಬಿಟ್ಟೆ. ಸಂಜೆ ಅದನ್ನೇ ಯಾರೋ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಸಂಘಟಕರ ಸಮಯಪ್ರಜ್ಞೆ ದೊಡ್ಡದು ಎಂದು ಒಬ್ಬರು, ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ನಾನು ಮರುಮಾತು ಬರೆಯಲಿಲ್ಲ.

ಐದನೆಯ ದಿನ ಹುಡುಗಿ ನನ್ನ ಅಂಗಡಿಗೆ ಬಂದಳು. ನಾನಾನ ಪರವಾಗಿ ಅವಳೂ ಹೇಳಿಕೆ ಕೊಡಬೇಕಿತ್ತು. ಕಣ್ಣಿನ ಕೆಳಗೆ ಚರ್ಮ ಇನ್ನೂ ಸುಲಿದಿತ್ತು.

"ಹೇಳವಾ," ಎಂದೆ.

ಅವಳು ನೇರವಾಗಿ ಹೇಳಿದಳು. ಎಲ್ಲಿ ಕೂತಿದ್ದರು, ಚಿತ್ರ ಯಾವಾಗ ಆರಿತು, ಹಮಾಲರು ಹೇಗೆ ಎತ್ತಿದರು. ತಾನು ಎದ್ದು ನಿಂತದ್ದನ್ನು ಹೇಳಲಿಲ್ಲ. ನಾನು ಬೆರಳು ನಿಲ್ಲಿಸಿದೆ.

"ನೀ ಎದ್ದು ನಿಂತು ಹೇಳಿದ್ದು?"

"ಅದನ್ನ ಬರೀಬ್ಯಾಡ್ರಿ ಸರ್."

"ಯಾಕ?"

"ನಾನಾ ಬ್ಯಾಡ ಅಂದಾರ. ಮಾತಾಡಾಕ ಬರವಲ್ದು ಅವರಿಗೆ, ಕೈಲೆ ಮಾಡಿ ತೋರ್ಸಿದ್ರು." ಆಮೇಲೆ ಹೇಳಿದಳು, "ಬರದ್ರ ನೀವು ಛಲೋ ಮಾಡಿ ಬರೀತೀರಿ. ಅದಕಿಂತ ಬಿಡ್ರಿ."

ಅವಳು ಸಹಿ ಮಾಡಿ ಹೋದಳು. ಆ ಕಾಗದದಲ್ಲಿ ಒಂದು ಸುಳ್ಳೂ ಇರಲಿಲ್ಲ. ನನ್ನದರ ಪ್ರತಿಯನ್ನು ಅದರ ಪಕ್ಕದಲ್ಲಿಟ್ಟು ಎರಡನ್ನೂ ಮತ್ತೆ ಓದಿದೆ.

ನಿದ್ದೆ ಕೆಟ್ಟದ್ದು ಅಂದಿನಿಂದಲ್ಲ, ಆ ಭಾನುವಾರದಿಂದಲೇ. ಕಣ್ಣು ಮುಚ್ಚಿದರೆ ನಾಲ್ಕು ಹತ್ತು. ಅವಳು ಏಳುತ್ತಾಳೆ, ನಾನು ಗಡಿಯಾರ ನೋಡುತ್ತೇನೆ, ನಗು. ಒಮ್ಮೊಮ್ಮೆ ನಾನು ಷಟರ್ ತೆಗೆಯುತ್ತೇನೆ. ಬೆಳಕು ಬರುತ್ತದೆ, ಎಲ್ಲರೂ ಗೊಣಗುತ್ತ ಹೊರಗೆ ನಡೆಯುತ್ತಾರೆ, ಚಾಚಾ ಬಾಗಿಲಲ್ಲಿ ನಿಂತು ಚಪ್ಪಲಿ ಹುಡುಕುತ್ತಾರೆ. ಅಷ್ಟಕ್ಕೆ ಎಚ್ಚರ. ನನ್ನ ಹೆಂಡತಿ ಒಂದು ಮುಂಜಾನೆ ಸಾರಿಗೆ ಒಗ್ಗರಣೆ ಕೊಟ್ಟಾಗ ನಾನು ಅಂಗಳಕ್ಕೆ ಓಡಿ ತುಳಸಿಕಟ್ಟೆ ಹಿಡಿದು ನಿಂತಿದ್ದೆ. ಅವಳು ಅಂದಿನಿಂದ ಒಗ್ಗರಣೆಗೆ ಕೆಂಪು ಮೆಣಸಿನಕಾಯಿ ಹಾಕುವುದನ್ನು ಬಿಟ್ಟಳು. ನಮ್ಮ ಕಡೆ ಕೆಂಪು ಮೆಣಸಿನಕಾಯಿ ಇಲ್ಲದ ಮನೆಯೇ ಇಲ್ಲ. "ಪಥ್ಯದ ಮನಿ ಆತು ನಮ್ದು," ಎಂದು ಒಮ್ಮೆ ಮಾತ್ರ ಅಂದಳು.

ಚಾಚಾ ಮನೆಗೆ ಬಂದ ಮೇಲೆ ನೋಡಲು ರಾಣೆಬೆನ್ನೂರಿಗೆ ಹೋದೆ. ಹೋಗುವುದಕ್ಕೆ ಎರಡು ಸಲ ಬಸ್‌ಸ್ಟ್ಯಾಂಡಿಗೆ ಬಂದು ಎರಡು ಸಲ ವಾಪಸಾಗಿದ್ದೆ. ಪಡಸಾಲೆಯ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹುಡುಗಿ ಒಳಗೆ ಚಹಾ ಮಾಡುತ್ತಿದ್ದಳು.

"ಬರ್ರಿ ಸಾಹೇಬ್ರ, ಕುಂದ್ರಿ," ಎಂದರು. ದನಿ ಹರಿದ ಬಟ್ಟೆಯಂತಿತ್ತು.

ನಾನು ಕೂತು ನೆಲ ನೋಡಿದೆ. ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದ ವಾಕ್ಯವೆಲ್ಲ ಮರೆತುಹೋಯಿತು. "ಚಾಚಾ, ನಾ ಅಕಿ ಮಾತು ಕೇಳಲಿಲ್ಲ," ಎಂದೆ.

"ಗೊತ್ತೈತಿ. ನಾ ಬಾಜೂಕ ಇದ್ದೆ."

ಆಮೇಲೆ ನಿಲ್ಲಿಸಿ ನಿಲ್ಲಿಸಿ, ಉಸಿರು ಎಳೆದುಕೊಳ್ಳುತ್ತ ಹೇಳಿದರು. "ಟಾಕೀಸಿನ್ಯಾಗ ಹೊಸದಾಗಿ ಸೇರಿದಾಗ, ಮಂದಿ ಒದರಿದ್ರ ನಾನೂ ಬೈತಿದ್ದೆ. ಕ್ಯಾಬಿನ್ ಕಿಟಕ್ಯಾಗಿಂದ ತಲಿ ಹೊರಗ ಹಾಕಿ ಬೈತಿದ್ದೆ. ನನ್ನ ಉಸ್ತಾದ ಒಂದ್ ದಿನ ಕಪಾಳಕ್ಕ ಕೊಟ್ಟ. ಖರೇ, ಹಿಂಗ ಕೊಟ್ಟ. ಒದರೂ ಮಂದಿಗೆ ಏನೋ ಕಾಣಾಕತ್ತಿರ್ತೈತಿ ಮಗನ, ನಿನಗ ಕಾಣಂಗಿಲ್ಲ, ನೀ ಮಷೀನ್ ಹಿಂದ ಇರ್ತೀ, ಅಂದ."

"ನನಗೂ ಯಾರರ ಕೊಡಬೇಕಿತ್ತು," ಎಂದೆ.

"ನನ್ನ ಕೈಯಾಗ ಈಗ ಅಷ್ಟು ಕಸುವಿಲ್ಲ," ಎಂದು ನಕ್ಕರು, ನಗು ಕೆಮ್ಮಾಯಿತು. ಹುಡುಗಿ ಚಹಾ ಅಲ್ಲೇ ಬಿಟ್ಟು ಬಂದು ಪಂಪು ಕೊಟ್ಟಳು. ಕೈಗಡಿಯಾರ ನೋಡುತ್ತ ನಿಂತಳು. ಆ ನಿಲುವು ನನಗೆ ಅರ್ಥವಾಗಲು ಇನ್ನೂ ಎರಡು ವಾರ ಬೇಕಾಯಿತು.

ಹೊರಡುವಾಗ ನಾನೇ ಅವಳನ್ನು ಕೇಳಿದೆ, ಮುಂದಿನ ಸಿನಿಮಾ ನೀನು ಆರಿಸುತ್ತೀಯಾ ಎಂದು. "ನೋಡೂಣ್ರಿ," ಎಂದಳು, ಬಾಗಿಲಿನ ಚಿಲಕ ನೋಡುತ್ತ.

ಆರಿಸಿದಳು. ಏಪ್ರಿಲ್‌ನ ಒಂದು ಭಾನುವಾರ, ಮುಂಜಾನೆ ಹನ್ನೊಂದಕ್ಕೆ, ಅವರ ಪಡಸಾಲೆಯಲ್ಲೇ ಟಿವಿಗೆ ಹಚ್ಚಿ ಅನಿಮೆ ನೋಡಿದೆವು. ಬಂದವರು ಹದಿನಾಲ್ಕು ಜನ. ಬ್ಯಾಡಗಿಯಿಂದ ನನ್ನ ಗೆಳೆಯ, ತೊಟ್ಟು ಬಿಡಿಸುವ ಇಬ್ಬರು ಹೆಂಗಸರು, ಕರ್ಜಗಿಯ ರೈತರು. ಬಾಗಿಲು ಕಿಟಕಿ ಎಲ್ಲ ತೆರೆದಿದ್ದವು, ಬೀದಿಯ ಬೆಳಕು ಟಿವಿಯ ಗಾಜಿನ ಮೇಲೆ ಬಿದ್ದು ಅರ್ಧ ಚಿತ್ರ ಕಾಣುತ್ತಿರಲಿಲ್ಲ. ತರಕಾರಿಯವನು ಕೂಗುತ್ತ ಹೋದ. ಮೊಬೈಲು ಯಾರೂ ಬುಟ್ಟಿಯಲ್ಲಿ ಹಾಕಲಿಲ್ಲ. ಸಿನಿಮಾದಲ್ಲಿ ನೀರು ತುಂಬಿದ ಒಂದು ಊರು. ಎಲ್ಲರೂ ಬಿಟ್ಟುಹೋದ ಮೇಲೂ ಒಂದು ಹಳೆಯ ರೋಬೋ ದಿನಾ ಅಂಗಡಿಯ ಗಾಜು ಒರೆಸುತ್ತದೆ. ಅಷ್ಟೇ ಕಥೆ. ಹತ್ತು ನಿಮಿಷ ಯಾರೂ ಮಾತಾಡದ ಒಂದು ಭಾಗವಿತ್ತು, ಬರೀ ನೀರಿನ ಸದ್ದು. ಮೌನ ನನ್ನ ಸಿನಿಮಾದ ಆಸ್ತಿ ಎಂದುಕೊಂಡಿದ್ದವನು ನಾನು. ಸ್ಫೋಟ ಒಂದೂ ಬರಲಿಲ್ಲ.

ಗೆಳೆಯ ಮೊದಲ ಸಲ ಒಳಗೆ ಕೂತು ಸಿನಿಮಾ ನೋಡಿದ. "ಗಿರಾಕಿ ಇಲ್ಲಂದ್ರೂ ಅಂಗಡಿ ಒರಸ್ತೈತಲ್ಲೋ," ಎಂದ. "ಇಂಥಾ ಆಳು ಒಂದು ನನಗ ಬೇಕಾಗಿತ್ತು."

ಹೆಂಗಸರಲ್ಲೊಬ್ಬಾಕೆ, "ಅದಕ್ಕ ಯಾರೂ ಹೇಳೇ ಇಲ್ಲೇನ್ರೀ, ಊರು ಖಾಲಿ ಆಗೇತಿ ಅಂತ?" ಎಂದು ಕಣ್ಣೊರೆಸಿಕೊಂಡಳು.

ರೈತರು, "ರೋಬೋ ತಗಡಿಂದ್ರೀ," ಎಂದು ಶುರು ಮಾಡಿದರು. ಎಲ್ಲರೂ ಒಟ್ಟಿಗೆ, "ನಿಮ್ಮೂರ ವೆಲ್ಡರ್," ಎಂದರು.

ಎಲ್ಲವನ್ನೂ ಅವರು ಆಡಿದಂತೆಯೇ ಬರೆದೆ. ಕೈಗೆ ರೂಢಿಯಿಲ್ಲದೆ ಅಕ್ಷರ ಸೊಟ್ಟಗಾದವು. ಆಮೇಲೆ, ಬ್ಯಾಡಗಿಯ ಆ ದಿನದ ಪುಟ ವಹಿಯಲ್ಲಿ ಖಾಲಿಯೇ ಇದೆ, ಅದನ್ನು ನಿನ್ನೆ ಬರೆದಿದ್ದೇನೆ, ಓದುತ್ತೇನೆ ಎಂದೆ. ಕೂತಲ್ಲೇ ಓದಿದೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಅವಳು ಎದ್ದು ನಿಂತು ವಾಸನಿ ಬ್ಯಾರೆ ಐತಿ, ಷಟರ್ ತೆಗೀರಿ ಎಂದಳು. ಇದು ಜಪಾನಿ ಕಾರ್ಟೂನ್ ಅಲ್ಲ, ಕುಂದ್ರು ಎಂದು ನಾನು ಹೇಳಿದೆ. ಬೆಳಕಿನಲ್ಲಿ ಹೊಗೆ ಕಂಡೆ, ಚೆಂದ ಎಂದುಕೊಂಡೆ. ಷಟರ್ ಎತ್ತಿದ ಕೂಡಲೇ ಚಾಚಾನನ್ನು ಬಿಟ್ಟು ಹೊರಗೆ ತೆವಳಿದೆ. ಪೊಲೀಸರಿಗೆ ಕೊಟ್ಟ ಹೇಳಿಕೆಯಲ್ಲಿ ಇದನ್ನು ಬರೆಯಲಿಲ್ಲ.

ಗೆಳೆಯ ತಲೆ ತಗ್ಗಿಸಿದ. ಯಾರಾದರೂ ಬೈದರೆ ಒಳ್ಳೆಯದಿತ್ತು.

ಹುಡುಗಿ ಹೇಳಿದಳು, "ಸರ್, ಒಂದು ತಪ್ಪೈತಿ."

"ಹೇಳವಾ."

"ನಾ ಎರಡ ಸಲ ಹೇಳೇನಿ."

"ಎರಡ ಸಲ?" ಎಂದೆ.

"ನಾಕಕ್ಕ ನಾನಾ ಅವರಿಗೆ ಪಂಪ್ ಕೊಟ್ಟೆ. ಐದು ನಿಮಿಷಕ್ಕ ಕೆಮ್ಮು ಇಳೀಬೇಕು, ಯಾವಾಗ್ಲೂ ಇಳೀತೈತಿ. ಇಳೀಲಿಲ್ಲ. ಘಾಟಿನ ಕೆಮ್ಮು ಅಲ್ಲ ಇದು ಅಂತ ಗೊತ್ತಾತು. ಆವಾಗ ನಿಮ್ಮ ಹತ್ರ ಬಂದು ಕಿವ್ಯಾಗ ಹೇಳಿದೆ. ನೀವು ನನ್ನ ಕಡೆ ನೋಡಲಿಲ್ಲ, ಹಿಂಗ ಕೈ ಮಾಡಿದ್ರಿ." ನೊಣ ಓಡಿಸುವಂತೆ ಕೈ ಬೀಸಿ ತೋರಿಸಿದಳು. "ನಾಕು ಐದಕ್ಕ ಅದು. ಎದ್ದು ನಿಂತದ್ದು ಅದರಾಮ್ಯಾಲೆ."

ಆರು ವಾರ, ದಿನಕ್ಕೆ ಎಷ್ಟು ಸಲವೋ ಆ ಮಧ್ಯಾಹ್ನವನ್ನು ತಿರುಗಿಸಿ ನೋಡಿದ್ದೆ. ಅವಳು ಕಿವಿಯ ಹತ್ತಿರ ಬಂದದ್ದು ಅದರಲ್ಲಿ ಇರಲೇ ಇಲ್ಲ. ಈಗಲೂ ಇಲ್ಲ. ಎಷ್ಟು ಕಣ್ಣು ಮುಚ್ಚಿದರೂ ನೆನಪಾಗುವುದಿಲ್ಲ. ಯಾರೋ ಪಕ್ಕಕ್ಕೆ ಬಂದು ನಿಂತು, ನಾನು ಕೈ ಬೀಸಿ, ಅವರು ಹಿಂದಿರುಗಿದ್ದು ನನ್ನ ತಲೆಯೊಳಗೆ ಒಂದು ಗೆರೆಯನ್ನೂ ಮೂಡಿಸಿಲ್ಲ. ಆ ನಗೆಚಾಟಿಕೆಗೆ ನಾಚಿದ್ದೆ, ತೆವಳಿದ್ದಕ್ಕೆ ನಾಚಿದ್ದೆ. ನೆನಪೇ ಇಲ್ಲದ ಒಂದಕ್ಕೆ ಹೇಗೆ ನಾಚಬೇಕೆಂದು ತಿಳಿಯದೆ ಕೂತಿದ್ದೆ.

"ಆ ಹೊತ್ತಿಗೆ ತೆಗೆದಿದ್ರ..." ಎಂದೆ.

"ಅಷ್ಟೊತ್ತಿಗೆ ಬರೇ ವೈರ್ ವಾಸನಿರಿ," ಎಂದಳು. ಸಿಟ್ಟಿರಲಿಲ್ಲ, ಸಮಾಧಾನ ಹೇಳುವ ದನಿಯೂ ಅಲ್ಲ. "ಬರಕೊಳ್ರಿ."

ಬರೆದುಕೊಂಡೆ. ಅವಳು ಹೇಳುತ್ತ ಹೋದಳು, ನಾನು ಅವಳ ಮಾತಿನಲ್ಲೇ ಬರೆದೆ, ಒಂದಕ್ಷರ ತಿದ್ದಲಿಲ್ಲ. ಮುಗಿದ ಮೇಲೆ ವಹಿ ತೆಗೆದುಕೊಂಡು ತಾನೇ ಓದಿ ನೋಡಿದಳು. ನಾಳೆ ಠಾಣೆಗೆ ಹೋಗಿ ನನ್ನ ಹೇಳಿಕೆಯನ್ನು ತಿದ್ದಿ ಕೊಡುತ್ತೇನೆ, ನೀನೂ ಬರಬೇಕಾದೀತು ಎಂದೆ. "ಪರೀಕ್ಷಾ ಅದಾವ್ರಿ. ಮಧ್ಯಾಹ್ನ ಆದ್ರ ಬರ್ತೇನಿ," ಎಂದಳು.

ಕೊನೆಗೆ ಚಾಚಾನ ಅಭಿಪ್ರಾಯ ಉಳಿದಿತ್ತು. ಪೂರ್ತಿ ಹೊತ್ತು ದಿಂಬಿಗೆ ಒರಗಿ ನೋಡಿದ್ದರು. "ಚಿತ್ರ ಛಲೋ ಐತಿ," ಎಂದರು. "ಬಾಗಲಾ ತೆಗದಿದ್ದಕ್ಕ ಅರ್ಧ ಕಾಣಲಿಲ್ಲ. ಆದ್ರೂ ಛಲೋ ಐತಿ. ಹಂಗ ಬರೀರಿ."

ಹಾಗೆಯೇ ಬರೆದೆ.

ಸೋಮವಾರ ಠಾಣೆಗೆ ಹೋದೆವು. ಹೊಸ ಹೇಳಿಕೆಯನ್ನು ಟೈಪು ಮಾಡದೆ ಕೈಯಲ್ಲೇ ಬರೆದಿದ್ದೆ. ಅಲ್ಲಿಯವರು ಓದಿ, ಮುಂದೆ ಕರೆದಾಗ ಬರಬೇಕು ಎಂದರು. ಆ ಕರೆ ಬಂದೇ ಬರುತ್ತದೆ, ಬರಲಿ. ಹುಡುಗಿ ಬಸ್ಸು ಹತ್ತುವಾಗ ಕೈ ಬೀಸಲಿಲ್ಲ, ಕಿಟಕಿಯಿಂದ "ಸರ್, ಮುಂದಿನ ತಿಂಗಳು ನಿಮ್ಮ ಮೂಕ ಸಿನಿಮಾ ಹಾಕ್ರಿ, ಪಾಳಿ ನಿಮ್ದು," ಎಂದಳು.

ಆ ರಾತ್ರಿ ಊಟ ಮಾಡಿ ಮಲಗಿದ್ದು ಗೊತ್ತು. ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲಿತ್ತು, ನಾನು ಒಂದೇ ಸಮನೆ ಕೆಮ್ಮುತ್ತಿದ್ದೆ. ಅಡುಗೆಮನೆಯಲ್ಲಿ ಹೆಂಡತಿ ಒಗ್ಗರಣೆಗೆ ಕೆಂಪು ಮೆಣಸಿನಕಾಯಿ ಹಾಕಿದ್ದಳು. "ಎಂಟಾತು," ಎಂದು ಅಲ್ಲಿಂದಲೇ ಕೂಗಿದಳು. "ಎಷ್ಟು ಕರದ್ರೂ ಏಳವಲ್ರಿ, ಅದಕ್ಕ ಹಾಕಿದೆ."